ಬಿಚ್ಚದ ಚುರುಟು

ಮೊನ್ನೆ ಮಂಗಳೂರಿನ ಬಿಜೈಯ ತರಕಾರಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದೆ. ಒಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಬುಡದಿಂದ ತುದಿಯ ತನಕ ಮೆಲ್ಲಗೆ ಮುಟ್ಟಿ ನೋಡಿದೆ. ಆಮೇಲೆ ಕಿವಿಯ ಹತ್ತಿರ ತಂದು ತಿರುಗಿಸಿದೆ. ಆಮೇಲೆ ಮೂಗಿಗೂ ಹಿಡಿದೆ. ಅಂಗಡಿಯಾಕೆ ತಕ್ಕಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಎಂತ ಟೀಚರೇ, ನುಗ್ಗೆಕಾಯಿ ಎಂತಾದ್ರೂ ಹೇಳ್ತದಾ?"

ನಾಚಿಕೆಯಾಗಿ, ಕೈಗೆ ಸಿಕ್ಕಿದ ನಾಲ್ಕನ್ನು ಚೀಲಕ್ಕೆ ತುರುಕಿ ಬಂದೆ. ಮನೆಗೆ ಬಂದು ನೋಡಿದರೆ ನಾಲ್ಕೂ ಬಲಿತದ್ದು. ನಾನು ಮಾಡಿದ್ದು ನುಗ್ಗೆಕಾಯಿ ಆರಿಸುವ ಕ್ರಮವಲ್ಲ, ಚುರುಟು ಆರಿಸುವ ಕ್ರಮ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ, ಭಾನುವಾರದ ಪೂಜೆಗೆ ಇಗರ್ಜಿಯ ಎರಡನೆಯ ಬೆಂಚಿನಲ್ಲಿ ತಪ್ಪದೆ ಕೂರುವ, ಮದುವೆಯಾಗದ (ಅದು ಬೇರೆಯೇ ಪ್ರಬಂಧ) ಐರಿನ್ ಟೀಚರಿಗೆ ಚುರುಟಿನ ವಿದ್ಯೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ಕಲಿತದ್ದು. ಹೆದರಿ ಹೆದರಿ ಕಲಿತದ್ದರಿಂದ ಮರೆಯುತ್ತಿಲ್ಲ.

ಹೆದರುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ. ಬಸ್ಸು ಹತ್ತಕ್ಕೆಂದರೆ ಎಂಟೂವರೆಗೆ ಬಸ್ ಸ್ಟಾಂಡಿನಲ್ಲಿರುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಮೂರು ಸಲ ನೋಡಿ, ಗೇಟಿನಿಂದ ವಾಪಸು ಬಂದು ನಾಲ್ಕನೆಯ ಸಲ ನೋಡುತ್ತೇನೆ. ಪರೀಕ್ಷೆಯ ದಿನ ಮಕ್ಕಳಿಗಿಂತ ನನ್ನ ಕೈ ಹೆಚ್ಚು ಬೆವರುತ್ತಿತ್ತು. ಇಂಥವಳ ತಲೆಯ ಮೇಲೆ ದೇವರು ಒಂದು ದೊಡ್ಡ ಸುಳ್ಳನ್ನು ಹೊರಿಸಿದರೆ ಏನಾದೀತು? ಅದೇ ಆಯಿತು.

ಮೊದಲು ತಟ್ಟೆಯ ವಿಷಯ ಹೇಳಬೇಕು. ನಮ್ಮಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರು ಮಾಡುತ್ತಾರೆ. ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನ ಅಚ್ಚಿನದ್ದು, ಚಕ್ಕುಲಿ, ಕೇಕು ಎಲ್ಲ ಸೇರಿದ ತಿಂಡಿಯ ಸಂಸಾರ ಅದು. ಅದನ್ನು ತಟ್ಟೆಯಲ್ಲಿ ಹಾಕಿ, ಮಮ್ಮ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ ಮುಚ್ಚಿ, ಜಾತಿ ಮತ ನೋಡದೆ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಟ್ಟು ಬರುವುದು ಮಕ್ಕಳ ಕೆಲಸ. ತಟ್ಟೆ ತೆಗೆದುಕೊಂಡವರು ಅದನ್ನು ಖಾಲಿ ಹಿಂದಿರುಗಿಸುವುದಿಲ್ಲ. ಭಟ್ಟರ ಮನೆಯಲ್ಲಿ ಒಂದು ತೆಂಗಿನಕಾಯಿ ಮತ್ತು ಎರಡು ಸುತ್ತು ಅಬ್ಬಲಿಗೆ ಹೂ. ಇನ್ನೊಂದು ಮನೆಯಲ್ಲಿ ಒಂದು ಹಿಡಿ ಸಕ್ಕರೆ. ಅಂಚೆ ಕಚೇರಿಯವರ ಮನೆಯಲ್ಲಿ ಏನೂ ಸಿಗದೆ ಒಮ್ಮೆ ನಾಲ್ಕು ಈರುಳ್ಳಿ ಹಾಕಿದ್ದರು. ದಾರಿಯುದ್ದಕ್ಕೂ ಈರುಳ್ಳಿ ಉರುಳಿ, ನಾನು ಅದರ ಹಿಂದೆ ಓಡಿ, ಮೊಣಕಾಲು ತರಚಿ, ಮನೆಗೆ ಬಂದು ಮಮ್ಮನಿಂದ ಪೆಟ್ಟನ್ನೂ ತಿಂದದ್ದು ನೆನಪಿದೆ.

ಮೋನಬ್ಬ ಕಾಕನ ತಟ್ಟೆ ಮಾತ್ರ ಬೇರೆ. ಬಂದರಿನಲ್ಲಿ ಅವರಿಗೆ ಹಗ್ಗ, ಬಲೆ, ನೂಲಿನ ಅಂಗಡಿ. ಪಪ್ಪ ಅದೇ ಬೀದಿಯ ಒಂದು ಸರಕಿನ ಕಚೇರಿಯಲ್ಲಿ ಗುಮಾಸ್ತರು. ಒಬ್ಬರು ಬ್ಯಾರಿ ಮುಸ್ಲಿಮರು, ಒಬ್ಬರು ಕ್ರಿಸ್ತುವರು. ಮಧ್ಯಾಹ್ನದ ಊಟದ ಹೊತ್ತಿಗೆ ಶುರುವಾದ ಗೆಳೆತನ ಅರುವತ್ತು ವರ್ಷ ನಡೆಯಿತು. ಪಪ್ಪ ಅವರನ್ನು "ಬ್ಯಾರೀ" ಎಂದು ಕರೆಯುತ್ತಿದ್ದರು, ಅವರು ಪಪ್ಪನನ್ನು, ಕ್ರಿಸ್ತುವರನ್ನು ತುಳುವಿನಲ್ಲಿ ಕರೆಯುವ ಹಾಗೆ, "ಪೊರ್ಬುಳೇ" ಎಂದು. ಮಮ್ಮ ಅವರ ಮನೆಗೆಂದೇ ರಮ್ ಹಾಕದ ಒಂದು ಪುಟ್ಟ ಕೇಕು ಬೇಯಿಸುತ್ತಿದ್ದಳು. ಕ್ರಿಸ್ಮಸ್ಸಿನ ದಿನ ಸಂಜೆ ಮೋನಬ್ಬ ಕಾಕ ತಟ್ಟೆಯನ್ನು ತಾವೇ ಹಿಡಿದುಕೊಂಡು ಬರುತ್ತಿದ್ದರು. ಬಿಳಿ ಬಟ್ಟೆಯ ಕೆಳಗೆ, ಪೇಪರಿನ ಚೂರಿನಲ್ಲಿ ಸುತ್ತಿದ ಎರಡು ಚುರುಟು. ಇಬ್ಬರೂ ಮನೆಯ ಮುಂದಿನ ಸಿಟೌಟಿನಲ್ಲಿ ಕೂತು ಒಂದೊಂದು ಸೇದುವುದು. ಇಡೀ ವರ್ಷದಲ್ಲಿ ಪಪ್ಪ ಹೊಗೆ ಬಿಡುವುದು ಆ ಒಂದು ಸಂಜೆ ಮಾತ್ರ.

ಆ ವಾಸನೆಗೆ ನಾನು, ತಮ್ಮ, ಮಮ್ಮ ಮೂವರೂ ಹಿತ್ತಲಿಗೆ ಓಡುತ್ತಿದ್ದೆವು. ಆದರೆ ಪಪ್ಪನ ದೊಡ್ಡ ಸ್ವರ ಅಲ್ಲಿಗೂ ಕೇಳುತ್ತಿತ್ತು. "ಫಸ್ಟ್ ಕ್ಲಾಸ್ ಬ್ಯಾರೀ, ಫಸ್ಟ್ ಕ್ಲಾಸ್! ಇಂಥದ್ದು ನಿನಗೆ ಮಾತ್ರ ಸಿಗುವುದು!" ಚುರುಟಿನ ಸೊಂಟಕ್ಕೆ ಒಂದು ಕೆಂಪು ಕಾಗದದ ಉಂಗುರ ಇರುತ್ತಿತ್ತು. ಸೇದಿ ಮುಗಿದ ಮೇಲೆ ಪಪ್ಪ ಅದನ್ನು ನನ್ನ ಬೆರಳಿಗೆ ಹಾಕುತ್ತಿದ್ದರು. ನಾನು ಧರಿಸಿದ ಮದುವೆಯುಂಗುರ ಅಂತ ಏನಾದರೂ ಇದ್ದರೆ ಅದೊಂದೇ.

ಕಾಲ ಹೋಯಿತು, ಮಮ್ಮ ಹೋದಳು. ಈಚಿನ ಎರಡು ಮೂರು ವರ್ಷ ಕಾಕನ ಮಂಡಿ ಬಗ್ಗದಾಯಿತು, ಪಪ್ಪನಿಗೆ ಕಿವಿ ಮಂದವಾಯಿತು. ಫೋನ್ ಕೊಟ್ಟರೆ ಪಪ್ಪ "ಹಲೋ" ಎಂದು ಕಿರುಚಿ ನನ್ನ ಕೈಗೇ ವಾಪಸು ಕೊಡುತ್ತಾರೆ. ತಟ್ಟೆ ಮಾತ್ರ ನಿಲ್ಲಲಿಲ್ಲ. ನಾನು ಆಟೋದಲ್ಲಿ ಬಂದರಿಗೆ ಹೋಗಿ ಕೊಡುವುದು, ಎರಡು ಚುರುಟು ತರುವುದು. ಒಂದನ್ನು ಪಪ್ಪ ಕ್ರಿಸ್ಮಸ್ಸಿಗೆ ಸೇದುತ್ತಿದ್ದರು, ಇನ್ನೊಂದನ್ನು ಹೊಸವರ್ಷಕ್ಕೆ.

ಹೋದ ವರ್ಷ ಆಗಸ್ಟಿನಲ್ಲಿ ಪಪ್ಪನಿಗೆ ಹೃದಯಾಘಾತವಾಯಿತು. ಎಂಬತ್ತೆಂಟರ ಪ್ರಾಯ. ಬದುಕಿ ಬಂದದ್ದೇ ದೊಡ್ಡದು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬದಿಗೆ ಕರೆದು, "ಟೀಚರ್, ಉಪ್ಪು ಕಡಿಮೆ. ಮೆಟ್ಟಿಲು ಬೇಡ. ಮತ್ತೆ, ದೊಡ್ಡ ಸುದ್ದಿ ಯಾವುದೂ ಹೇಳ್ಬೇಡಿ, ಒಳ್ಳೇದಾದ್ರೂ ಸರಿ, ಕೆಟ್ಟದಾದ್ರೂ ಸರಿ" ಎಂದರು. ವರ್ಷಕ್ಕೆರಡು ಚುರುಟಿನ ಬಗ್ಗೆ ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ದೊಡ್ಡ ಸುದ್ದಿ ಬಂತು. ಮಸ್ಕತ್ತಿನಲ್ಲಿರುವ ಮಗನ ಮನೆಗೆ ಹೋಗಿದ್ದ ಮೋನಬ್ಬ ಕಾಕ ಅಲ್ಲಿಯೇ ತೀರಿಹೋದರು, ಅಲ್ಲಿಯೇ ಮಣ್ಣಾದರು. ಕುವೈತಿನಲ್ಲಿರುವ ನನ್ನ ತಮ್ಮ ಫೋನ್ ಮಾಡಿ, "ಅಕ್ಕಾ, ಪಪ್ಪನಿಗೆ ಹೇಳ್ಬೇಡ. ಹೇಳಿದ್ರೆ ಅವರೂ ಹೋಗ್ತಾರೆ" ಎಂದ. ಹೇಳಿ ಅವನು ಫೋನ್ ಇಟ್ಟ. ಹೇಳದೆ ಇರುವ ಕೆಲಸ ನನ್ನ ಪಾಲಿಗೆ ಬಂತು.

ಪಪ್ಪ ಪೇಪರು ಓದುವುದು ಮರಣದ ಪುಟದಿಂದ. "ಇವತ್ತು ಯಾರು ಹೋದದ್ದು ನೋಡುವ" ಎಂದೇ ಅವರ ಬೆಳಗು ಶುರು. ಕಾಕನ ಫೋಟೋ ಬಂದ ದಿನ ನಾನು ಆ ಹಾಳೆಯನ್ನು ಎಳೆದು ಅಕ್ಕಿ ಡಬ್ಬಿಯ ಅಡಿಗೆ ಹಾಕಿದೆ. "ಇವತ್ತು ಪೇಪರಿನವರು ಒಂದು ಹಾಳೆ ಕಡಿಮೆ ಹಾಕಿದ್ದಾರೆ ಪಪ್ಪಾ" ಎಂದೆ. ಪಪ್ಪ ಏಜೆಂಟನನ್ನು ಬೈದರು. ಆಮೇಲೆ ಮನೆಗೆ ಬರುವ ಒಬ್ಬೊಬ್ಬರನ್ನೂ ಗೇಟಿನಲ್ಲೇ ನಿಲ್ಲಿಸಿ, "ಒಳಗೆ ಕಾಕನ ಸುದ್ದಿ ಎತ್ತಬಾರದು" ಎಂದು ಪಾಠ ಹೇಳಿ ಒಳಗೆ ಬಿಟ್ಟೆ. ಮೂರು ತಿಂಗಳು ಕಾಲಿಂಗ್ ಬೆಲ್ ಆದರೆ ಸಾಕು, ಪಪ್ಪನಿಗಿಂತ ಮೊದಲು ಗೇಟಿಗೆ ಓಡುತ್ತಿದ್ದೆ.

ನವೆಂಬರ್ ಕೊನೆಗೆ ಪಪ್ಪ ಕೇಳಿದರು. "ಬ್ಯಾರಿ ಮಸ್ಕತ್ತಿನಿಂದ ಬಂದನಾ?"

"ಬಂದಿದ್ದಾರೆ ಪಪ್ಪಾ. ಕಾಲು ನೋವಂತೆ. ಹೊರಗೆ ಬರುವುದಿಲ್ಲ."

ಬಾಯಿಂದ ಹೊರಬಿದ್ದ ಮೇಲೆ ಗೊತ್ತಾಯಿತು, ಎಂತಹ ಕೆಲಸ ಮಾಡಿಕೊಂಡೆ ಎಂದು. ಕಾಕ ಊರಿನಲ್ಲಿದ್ದಾರೆ ಎಂದರೆ ಕ್ರಿಸ್ಮಸ್ಸಿಗೆ ತಟ್ಟೆ ಹೋಗಬೇಕು. ತಟ್ಟೆ ಹೋದರೆ ತಟ್ಟೆ ಬರಬೇಕು. ಖಾಲಿ ಬಂದರೆ ಪಪ್ಪನಿಗೆ ಆ ಕ್ಷಣವೇ ತಿಳಿಯುತ್ತದೆ. ಕೆಂಪು ಉಂಗುರದ ಎರಡು ಚುರುಟು ನಾನೇ ಹುಡುಕಬೇಕು. ಅದೂ ಎಂಥದ್ದು? ಫಸ್ಟ್ ಕ್ಲಾಸ್.

ಅಲ್ಲಿಂದ ನನ್ನ ವನವಾಸ ಶುರು. ಮೊದಲು ಬಿಜೈ ಬಸ್ ಸ್ಟಾಂಡಿನ ಎದುರಿನ ಗೂಡಂಗಡಿ. ನನ್ನನ್ನು ಕಂಡ ಕೂಡಲೇ ಅವನು "ಟೀಚರ್, ವಿಕ್ಸ್ ಮಿಠಾಯಿಯಾ?" ಎಂದ. ಹತ್ತನೇ ಬಿ ವಿಭಾಗ, ಹಿಂದಿನ ಬೆಂಚು. ಚುರುಟು ಎನ್ನಲು ಬಾಯಿ ಬರಲಿಲ್ಲ. ಬೇಡದ ಮಿಠಾಯಿ ತಗೊಂಡು ಬಂದೆ. ಎರಡನೆಯದರಲ್ಲಿಯೂ ಹಾಗೆಯೇ. ಈ ಊರಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದರ ಫಲವೆಂದರೆ, ಅರ್ಧ ಊರಿನ ಅಂಗಡಿಗಳಲ್ಲಿ ನನ್ನ ಶಿಷ್ಯರೇ ಕೂತಿದ್ದಾರೆ. ನಾಲ್ಕು ದಿನದಲ್ಲಿ ನಮ್ಮ ಮನೆಯಲ್ಲಿ ವರ್ಷಕ್ಕಾಗುವಷ್ಟು ಮಿಠಾಯಿ ಸೇರಿತು.

ಐದನೆಯ ದಿನ ಬಂದರಿಗೆ ಹೋದೆ. ಹೊಗೆಸೊಪ್ಪಿನ ಸಗಟು ಅಂಗಡಿ. ಮೂಟೆಗಳ ನಡುವೆ ಕೂತ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚುರುಟಾ? ಅದು ನಮ್ಮಲ್ಲಿ ನಿಂತು ಎಷ್ಟೋ ವರ್ಷ ಆಯ್ತು ಬಾಯಮ್ಮ. ನಿಮಗೆ ನಶ್ಯ ಉಂಟು, ಕೊಡ್ಲಾ?" ಎಂದರು. ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದೆ. ನಾಲ್ಕು ಅಂಗಡಿ ಆಚೆಗೆ ಕಾಕನ ಅಂಗಡಿ. ಬಾಗಿಲು ಹಾಕಿತ್ತು. ಬಾಗಿಲಿನ ಎದುರು ಯಾರದೋ ಸ್ಕೂಟರ್ ನಿಲ್ಲಿಸಿದ್ದರು. ಅಲ್ಲಿ ನಿಂತು ಅಳಬೇಕು ಎನಿಸಿತು, ಆದರೆ ಯಾರಾದರೂ ನೋಡಿ ಪಪ್ಪನಿಗೆ ಹೇಳಿದರೆ ಎಂಬ ಹೆದರಿಕೆ ಅದಕ್ಕೂ ಬಿಡಲಿಲ್ಲ.

ಕೊನೆಗೆ ಸಿಕ್ಕಿದ ಅಂಗಡಿ ಒಂದು ದೊಡ್ಡ ಮಾಲಿನ ಹಿಂದಿನ ಓಣಿಯಲ್ಲಿತ್ತು. ಗಾಜಿನ ಕಪಾಟು, ಒಳಗೆ ಮರದ ಪೆಟ್ಟಿಗೆಗಳು, ತಣ್ಣನೆಯ ಗಾಳಿ. ಇಲ್ಲಿ ಯಾರೂ ಪರಿಚಯದವರು ಇರಲಾರರು ಎಂದು ಧೈರ್ಯದಿಂದ ಬಾಗಿಲು ತಳ್ಳಿದೆ.

"ಐರಿನ್ ಟೀಚರ್!"

ಹರ್ಷಿತ್. ಒತ್ತಕ್ಷರ ತಪ್ಪು ಬರೆದದ್ದಕ್ಕೆ ಇವನಿಂದ ಒಂದೇ ಪದವನ್ನು ನೂರು ಸಲ ಬರೆಸಿದ್ದೆ. ಈಗ ಗಡ್ಡ ಬಿಟ್ಟು, ಚಿನ್ನದ ಕನ್ನಡಕ ಹಾಕಿ, ಅಂಗಡಿಯ ಯಜಮಾನ. ಓಡಿಹೋಗಲು ಹಿಂದೆ ತಿರುಗಿದೆ. ಬಾಗಿಲು ಎಳೆಯುವುದೋ ತಳ್ಳುವುದೋ ಗೊತ್ತಾಗಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಮೂರು ತಿಂಗಳಲ್ಲಿ ನಾನು ಮನಸ್ಸು ಬಿಚ್ಚಿ ಎಲ್ಲ ಹೇಳಿದ ಮೊದಲ ಮನುಷ್ಯ ಅವನು.

ಅವನು ನಗಲಿಲ್ಲ. ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟ. ಕೆಂಪು ಉಂಗುರದ ಪೆಟ್ಟಿಗೆಯನ್ನು ಕಪಾಟಿನ ಕೆಳಗಿನ ಸಾಲಿನಿಂದ ತೆಗೆದ.

"ಇದೇ ಟೀಚರ್. ಆದ್ರೆ ಇದು ಸಾಧಾರಣದ್ದು. ಮೇಲಿನ ಎಲೆ ಬೇಗ ಬಿಚ್ಚಿಕೊಳ್ತದೆ. ಆ ಕಾಕ ಇದನ್ನೇ ಕೊಡ್ತಿದ್ರಾ?"

"ಅವರು ವ್ಯಾಪಾರಿಗಳಪ್ಪ. ನೋಡಿ ಆರಿಸಿ ತರ್ತಿದ್ರು."

"ಹಾಗಾದ್ರೆ ನಾವೂ ಆರಿಸುವ. ನೀವೇ ಆರಿಸಿ, ನಾನು ಹೇಳಿ ಕೊಡ್ತೇನೆ."

ಹಾಗೆ ಅರ್ಧ ಗಂಟೆ ಶಿಷ್ಯ ಪಾಠ ಮಾಡಿದ, ಗುರು ಕೈಕಟ್ಟಿ ಕೇಳಿದಳು. ಚುರುಟಿನ ಹೊರಮೈ ಎಂದರೆ ಒಂದೇ ಒಂದು ಎಲೆಯಂತೆ, ಪಟ್ಟಿಯಾಗಿ ಕತ್ತರಿಸಿ ಓರೆಯಾಗಿ ಸುತ್ತಿ ತಲೆಯ ಹತ್ತಿರ ಅಂಟಿಸಿದ್ದು. "ಒತ್ತಬೇಡಿ ಟೀಚರ್, ಮುಟ್ಟಿ. ಒಂದು ಕಡೆ ಮೆತ್ತಗೆ, ಒಂದು ಕಡೆ ಗಟ್ಟಿ ಇದ್ರೆ ಬೇಡ. ಕಿವಿಯ ಹತ್ತಿರ ತಿರುಗಿಸಿ. ಚರಚರ ಅಂದ್ರೆ ಒಣಗಿದೆ, ಬೆಂಕಿ ತಾಗುವಾಗ ಒಡೀತದೆ. ಸದ್ದೇ ಇಲ್ಲದೆ ಸ್ಪಂಜಿನ ಹಾಗಿದ್ರೆ ನೀರು ಕುಡಿದಿದೆ, ಅದು ಉಬ್ಬಿ ಬಿಚ್ಚಿಕೊಳ್ತದೆ. ಎಲೆಯ ನರ ದಪ್ಪ ಇರುವುದನ್ನು ತಗೊಳ್ಬೇಡಿ. ತಲೆ ಕತ್ತರಿಸುವಾಗ ತುದಿ ಮಾತ್ರ. ಕೆಳಗೆ ಇಳಿದ್ರೆ ಸುತ್ತಿದ್ದೆಲ್ಲ ಬಿಟ್ಟುಹೋಗ್ತದೆ." ಒಂದೊಂದನ್ನೂ ನನ್ನಿಂದ ಹೇಳಿಸಿ, ತಪ್ಪಿದಲ್ಲಿ ಮತ್ತೆ ಹೇಳಿಸಿದ. ಇಪ್ಪತ್ತೈದರ ಪೆಟ್ಟಿಗೆಯಲ್ಲಿ ನಾನು ಆರಿಸಿದ ಎರಡಕ್ಕೆ "ವೆರಿ ಗುಡ್ ಟೀಚರ್" ಎಂದ. ಬಿಗಿ ಡಬ್ಬಿಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ, ಒಲೆಯ ಹತ್ತಿರ ಬೇಡ ಎಂದೂ ಹೇಳಿದ.

ಬಿಸಿಲಿಗೆ ಹಾಕಬೇಡಿ ಎಂದು ಮಾತ್ರ ಹೇಳಲಿಲ್ಲ. ಹೇಳಬೇಕಾದೀತು ಎಂದು ಪಾಪ ಅವನಿಗೆ ಹೊಳೆಯಲೂ ಇಲ್ಲ.

ಇಪ್ಪತ್ತೆರಡನೆಯ ತಾರೀಕಿನ ಬೆಳಿಗ್ಗೆ ಡಬ್ಬಿ ತೆರೆದು ನೋಡಿದೆ. ದಿನಕ್ಕೆ ಮೂರು ಸಲ ತೆರೆದು ನೋಡುತ್ತಿದ್ದೆ ಎಂಬುದನ್ನು ಹೇಳಬೇಕಾಗಿಲ್ಲವಷ್ಟೆ. ಒಂದು ಚುರುಟಿನ ಮೇಲೆ ಬಿಳಿಯ ಪುಡಿ. ಬೂಷ್ಟು! ನಾವು ಮಂಗಳೂರಿನವರು ಬೂಷ್ಟನ್ನು ನೋಡಿಯೇ ಬೆಳೆದವರು. ಚಪ್ಪಲಿಗೆ, ಬೆಲ್ಟಿಗೆ, ಹಪ್ಪಳಕ್ಕೆ, ಮದುವೆಯ ಆಲ್ಬಮ್ಮಿಗೆ, ಪ್ರಾರ್ಥನೆ ಪುಸ್ತಕಕ್ಕೆ, ಹಿಡಿಯದ ವಸ್ತುವಿಲ್ಲ. ಅದಕ್ಕೆ ನಮ್ಮ ಮನೆ ಮನೆಗಳಲ್ಲಿ ಇರುವುದು ಒಂದೇ ಮದ್ದು. ನಾನು ಯೋಚಿಸಲೂ ಇಲ್ಲ. ಕೈಯೇ ಹಪ್ಪಳ ಒಣಗಿಸುವ ಗೆರಸೆ ತೆಗೆಯಿತು, ಕಾಲೇ ಟೆರೇಸಿಗೆ ಹತ್ತಿತು. ಎರಡೂ ಚುರುಟನ್ನು ಗೆರಸೆಯಲ್ಲಿ ಮಲಗಿಸಿ, ಕಾಗೆ ಬಾರದಂತೆ ಮೇಲೆ ಸೊಳ್ಳೆಪರದೆಯ ತುಂಡು ಹಾಕಿ, ಹತ್ತು ಗಂಟೆಯ ಬಿಸಿಲಿಗೆ ಇಟ್ಟು ಬಂದೆ. ಮಧ್ಯೆ ಒಮ್ಮೆ ಹೋಗಿ ಮಗುಚಿ ಹಾಕಿದೆ ಕೂಡ. ಹಪ್ಪಳಕ್ಕಾದರೆ ಅಷ್ಟು ಮುತುವರ್ಜಿ ವಹಿಸುತ್ತಿರಲಿಲ್ಲ.

ಒಂದು ಗಂಟೆಗೆ ಹೋಗಿ ನೋಡಿದರೆ ಎರಡರ ಎಲೆಯೂ ಎದ್ದು ನಿಂತಿತ್ತು. ಒಂದು ತುದಿಯಿಂದ ಅರ್ಧದವರೆಗೆ ಸುತ್ತು ಸುತ್ತಾಗಿ ಬಿಚ್ಚಿ ಗಾಳಿಗೆ ಅಲ್ಲಾಡುತ್ತಿತ್ತು. ಮುಟ್ಟಿದರೆ ಚರಚರ. ನಾನು ಟೆರೇಸಿನಲ್ಲೇ ಕುಕ್ಕರಿಸಿದೆ.

ಹರ್ಷಿತ್‌ಗೆ ಫೋನ್ ಮಾಡಿದೆ. "ಬಿಸಿಲಿಗಾ ಟೀಚರ್? ಅದು ಬೂಷ್ಟಲ್ಲ, ಎಲೆಯ ಎಣ್ಣೆ ಹೊರಗೆ ಬಂದದ್ದು. ಬಟ್ಟೆಯಲ್ಲಿ ಒರೆಸಿದ್ರೆ ಹೋಗ್ತಿತ್ತು. ಆ ಪೆಟ್ಟಿಗೆ ನಿನ್ನೆ ಒಬ್ಬರು ಇಡೀ ತಗೊಂಡು ಹೋದ್ರು. ಇನ್ನು ಸ್ಟಾಕ್ ಬರುವುದು ಜನವರಿಗೆ." ಬೇರೆ ಕಂಪೆನಿಯದ್ದು ಕೊಡ್ಲಾ ಎಂದ. ಕೆಂಪು ಉಂಗುರ ಇಲ್ಲದ್ದನ್ನು ಯಾವ ಮುಖ ಇಟ್ಟುಕೊಂಡು ಪಪ್ಪನಿಗೆ ಕೊಡಲಿ?

ಆ ಮಧ್ಯಾಹ್ನ ಕುಸ್ವಾರಿಗೆ ತೆಂಗಿನಕಾಯಿ ತುರಿಯಲು ಗಿರಿಜಕ್ಕ ಬಂದಿದ್ದರು. ನಮ್ಮ ಹಿಂದಿನ ಓಣಿಯವರು, ಉಳಿದ ದಿನಗಳಲ್ಲಿ ಬೀಡಿ ಕಟ್ಟುವವರು. ಸೊಸೆಯಾಗಿ ಬಂದಾಗಿನಿಂದ ಬೀಡಿ ಕಟ್ಟಿ ಮೂರು ಮಕ್ಕಳ ಮದುವೆ ಮಾಡಿದ ಹೆಂಗಸು. ನನ್ನ ಮುಖ ನೋಡಿ ತುರಿಯುವುದನ್ನು ನಿಲ್ಲಿಸಿದರು. ನಾನು ಗೆರಸೆಯನ್ನು ಅವರ ಮುಂದಿಟ್ಟೆ.

"ದೇವರೇ! ಎಲೆಯನ್ನು ಯಾರಾದ್ರೂ ಬಿಸಿಲಿಗೆ ಹಾಕ್ತಾರಾ ಟೀಚರೇ? ನೀವು ಇಷ್ಟು ಕಲಿತದ್ದು ಎಂತಕ್ಕೆ?"

"ಬೈಯುವುದು ಮತ್ತೆ ಬೈಯಿರಿ ಗಿರಿಜಕ್ಕ. ಇದನ್ನು ಸರಿ ಮಾಡ್ಲಿಕ್ಕೆ ಆಗ್ತದಾ ಹೇಳಿ."

ಅವರು ಚುರುಟನ್ನು ತಿರುಗಿಸಿ ನೋಡಿದರು. ಬೆರಳ ತುದಿಯಿಂದ ಎಲೆಯ ಅಂಚನ್ನು ಸವರಿದರು. "ಬೀಡಿಯಾದ್ರೆ ನೂಲು ಕಟ್ಟಿ ಬಿಡ್ತಿದ್ದೆ. ಇದಕ್ಕೆ ನೂಲಿಲ್ಲ ಅಲ್ವಾ? ಇರಲಿ. ಎಲೆ ಎಲ್ಲ ಒಂದೇ ಜಾತಿ. ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಮಲಗಿದ್ರೆ ಮೆತ್ತಗಾಗ್ತದೆ."

ಮರುದಿನ ಬಂದವರೇ ಗೋಣಿ ಬಿಚ್ಚಿ ಬಾಗಿಲಿನ ಬೆಳಕಿಗೆ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, "ಸ್ವಲ್ಪ ಅನ್ನ ಕೊಡಿ" ಎಂದರು. ನಾನು ಒಲೆಯ ಮೇಲಿದ್ದ ಕುಚ್ಚಲಕ್ಕಿ ಅನ್ನ ತಂದೆ. "ಇದು ಅಂಟುವುದಿಲ್ಲ ಮಾರಾಯ್ತಿ, ಬೆಳ್ತಿಗೆ ಬೇಕು." ಬೆಳ್ತಿಗೆಯ ಬಿಳಿ ಅಕ್ಕಿ ಬೇಯಿಸಿ ತರುವವರೆಗೆ ಕಾದರು. ಅಗುಳನ್ನು ಅರೆದು, ಎಲೆಯ ಅಂಚಿಗೆ ಕಂಡೂ ಕಾಣದಂತೆ ಸವರಿ, ಚುರುಟನ್ನು ಅಂಗೈಯಲ್ಲಿ ಉರುಳಿಸುತ್ತ ಸುತ್ತಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಉಸಿರು ಬಿಟ್ಟರೆ ಎಲೆ ಹಾರೀತು ಎಂಬಂತೆ. ಮುಗಿದ ಮೇಲೆ ನೋಡಿದರೆ ಎಲ್ಲಿ ಬಿಚ್ಚಿತ್ತು ಎಂದು ನನಗೇ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಇದ್ದದ್ದಕ್ಕಿಂತ ಬಿಗಿಯಾಗಿತ್ತು.

"ಇನ್ನು ನೀವೇ ಎಳೆದ್ರೂ ಬಿಚ್ಚುವುದಿಲ್ಲ" ಎಂದರು ಗಿರಿಜಕ್ಕ.

ಕ್ರಿಸ್ಮಸ್ಸಿನ ದಿನ ಮಧ್ಯಾಹ್ನ ಪಪ್ಪ ತಾವೇ ಕೂತು ತಟ್ಟೆ ಜೋಡಿಸಿದರು. ರಮ್ ಹಾಕದ ಕೇಕು ಇಟ್ಟೆಯಾ ಎಂದು ಎರಡು ಸಲ ಕೇಳಿದರು. ಬ್ಯಾರಿಗೆ ಹಲ್ಲಿಲ್ಲ, ಚಕ್ಕುಲಿ ಕಡಿಮೆ ಮಾಡು, ನೆವ್ರಿ ಹೆಚ್ಚು ಹಾಕು ಎಂದರು. ಅವರು ನೆವ್ರಿಗಳನ್ನು ಒಂದೊಂದಾಗಿ ಇಡುವುದನ್ನು ನೋಡುತ್ತ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ತಟ್ಟೆ ಹಿಡಿದು ಆಟೋ ಹತ್ತಿದೆ. ಎಲ್ಲಿಗೆ ಹೋಗುವುದು? ಬಂದರಿನ ಆ ಮುಚ್ಚಿದ ಬಾಗಿಲಿನ ಎದುರು ನಿಲ್ಲಲು ನನ್ನಿಂದಾಗದು. ಹೋಗಿ ಬರಲು ಬೇಕಾಗುವಷ್ಟು ಹೊತ್ತು ಕಳೆಯಬೇಕು. ಬಿಜೈ ಬಸ್ ಸ್ಟಾಂಡಿನಲ್ಲೇ ಇಳಿದು, ಮೂಲೆಯ ಬೆಂಚಿನಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ತುಂಬಿದ ತಟ್ಟೆ ವಾಪಸು ಒಯ್ಯುವಂತಿಲ್ಲ, ಚೆಲ್ಲುವಂತಿಲ್ಲ. ಪಕ್ಕದಲ್ಲಿ ಧರ್ಮಸ್ಥಳದ ಬಸ್ಸಿಗೆ ಕಾಯುತ್ತಿದ್ದ ಒಂದು ಸಂಸಾರಕ್ಕೆ ಕೊಟ್ಟೆ. ಅವರು ಚಕ್ಕುಲಿ, ಕಿಡಿಯೊ ಎಲ್ಲ ಸಂತೋಷದಿಂದ ತೆಗೆದುಕೊಂಡರು. ಕೇಕನ್ನು ಮಾತ್ರ ಕೊಡಲು ಮನಸ್ಸಾಗಲಿಲ್ಲ. ಕಾಕನಿಗೆಂದು ಮಾಡಿದ ಆ ಪುಟ್ಟ ಕೇಕನ್ನು ನಾನೇ ತಿಂದೆ, ಬಸ್ಸುಗಳ ಹೊಗೆಯ ನಡುವೆ, ಅಳುತ್ತ. ಆಮೇಲೆ ಪರ್ಸಿನಿಂದ ಎರಡು ಚುರುಟು ತೆಗೆದು, ಪೇಪರಿನ ಚೂರಿನಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿದೆ.

ಪಪ್ಪ ಸಿಟೌಟಿನಲ್ಲೇ ಕಾಯುತ್ತಿದ್ದರು. "ಹೇಗಿದ್ದಾನೆ?"

"ಚೆನ್ನಾಗಿದ್ದಾರೆ. ನಿಮ್ಮನ್ನು ಕೇಳಿದ್ರು."

ಪಪ್ಪ ತಲೆಯಾಡಿಸಿದರು. ನಾನು ಬ್ಲೇಡಿನಿಂದ ತುದಿ ಮಾತ್ರ ಕತ್ತರಿಸಿ ಕೊಟ್ಟೆ. ಒಳಗೆ ಹೋಗಿ ಕಿಟಕಿಯ ಪರದೆಯ ಸಂದಿನಿಂದ ನೋಡುತ್ತ ನಿಂತೆ. ಈ ಸಲ ಹಿತ್ತಲಿಗೆ ಓಡಲಿಲ್ಲ. ಒಂದು ಕಣ್ಣು ಪಪ್ಪನ ಎದೆಯ ಮೇಲೆ, ಒಂದು ಕಣ್ಣು ಎಲೆಯ ಮೇಲೆ. ಕಡ್ಡಿ ಗೀರಿದರು. ಬೆಂಕಿ ತಾಗಿತು. ಬಿಚ್ಚಲಿಲ್ಲ. ಒಂದು ಅಂಗುಲ ಉರಿಯಿತು. ಬಿಚ್ಚಲಿಲ್ಲ. ಅರ್ಧಕ್ಕೆ ಬಂತು. ಗಿರಿಜಕ್ಕನ ಬೆಳ್ತಿಗೆ ಅನ್ನಕ್ಕೆ, ಹರ್ಷಿತ್‌ನ ಪಾಠಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಗೆದ್ದೆ ಎಂದುಕೊಂಡೆ. ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಭುಜ ಸಡಿಲವಾಯಿತು.

ಪಪ್ಪ ಸೇದುವುದನ್ನು ನಿಲ್ಲಿಸಿದ್ದರು. ಚುರುಟನ್ನು ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದರು.

"ಐರಿನ್, ಇಲ್ಲಿ ಬಾ. ಕೂತ್ಕೋ."

ಹೋಗಿ ಕೂತೆ.

"ಬ್ಯಾರಿ ಯಾವಾಗ ಹೋದದ್ದು?"

ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ. "ಸೆಪ್ಟೆಂಬರಿನಲ್ಲಿ" ಎಂದೆ. ಅವರಿಗೆ ಕೇಳಲಿಲ್ಲವೋ ಎಂದು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. ಹೇಳಿ ಅವರ ಮಣಿಗಂಟು ಹಿಡಿದು ನಾಡಿ ನೋಡತೊಡಗಿದೆ.

"ನನಗೆ ಎಂತದೂ ಆಗುವುದಿಲ್ಲ, ಬಿಡು. ಮೊದಲು ನಿನ್ನದು ನೋಡ್ಕೋ."

"ಪಪ್ಪಾ, ನಿಮಗೆ ಯಾರು ಹೇಳ್ದದ್ದು?"

"ಯಾರೂ ಹೇಳ್ಲಿಲ್ಲ. ಇದು ಬಿಚ್ಚಲೇ ಇಲ್ಲ ಅಲ್ವಾ." ಪಪ್ಪ ಚುರುಟನ್ನು ತೋರಿಸಿದರು. "ಆ ಬ್ಯಾರಿ ಇಷ್ಟು ವರ್ಷ ಕೊಟ್ಟ ಚುರುಟು ಒಂದಾದ್ರೂ ಬಿಚ್ಚದೆ ಇದ್ದದ್ದಿಲ್ಲ. ಮಳೆಗಾಲಕ್ಕೆ ಮೊದಲೇ ತಗೊಂಡು ಅಂಗಡಿಯಲ್ಲಿ ಹಗ್ಗದ ರಾಶಿಯ ಮೇಲೆ ಇಡ್ತಿದ್ದ. ಅಲ್ಲಿ ಅದು ನೀರು ಕುಡಿದು, ಉಬ್ಬಿ, ಡಿಸೆಂಬರಿಗೆ ಬರುವಾಗ ಬೆಂಕಿ ತೋರಿಸಿದ್ರೆ ಸಾಕು, ಸೀರೆ ಬಿಚ್ಚಿದ ಹಾಗೆ ಬಿಚ್ಚುವುದು. ನಾನು ಅವನು ಆ ಕಡೆ ನೋಡುವಾಗ ಎಂಜಲು ಹಚ್ಚಿ ಅಂಟಿಸಿ ಸೇದುವುದು. ಚುರುಟಿನ ವಿಷಯದಲ್ಲಿ ತನ್ನಷ್ಟು ಗೊತ್ತಿರುವವರು ಈ ಊರಲ್ಲೇ ಇಲ್ಲ ಅಂತ ಅವನಿಗೆ. ಹೇಗೆ ಹೇಳುವುದು?"

"ಫಸ್ಟ್ ಕ್ಲಾಸ್ ಅಂತ ಕೂಗ್ತಿದ್ರಲ್ಲ ನೀವು!"

"ಮತ್ತೆಂತ ಹೇಳ್ಬೇಕು ಬಾಯೆ? ಅಷ್ಟು ದೂರದಿಂದ ಹಿಡ್ಕೊಂಡು ಬರ್ತಿದ್ದ."

ನಾನು ಜೋರಾಗಿ ಅತ್ತುಬಿಟ್ಟೆ. ಪಪ್ಪ ನನ್ನ ಬೆನ್ನು ತಟ್ಟಿದರು. ಚಿಕ್ಕಂದಿನಲ್ಲಿ ಮೊಣಕಾಲು ತರಚಿಕೊಂಡಾಗಲೂ ಹೀಗೆ ತಟ್ಟಿದ ನೆನಪಿಲ್ಲ. "ಇಷ್ಟು ದಿನ ಇದನ್ನು ನೀನೊಬ್ಬಳೇ ಇಟ್ಟುಕೊಂಡದ್ದಾ?" ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಪೇಪರಿನ ಹಾಳೆ, ಮಿಠಾಯಿ, ನಶ್ಯ, ಗೆರಸೆ, ಬಸ್ ಸ್ಟಾಂಡಿನ ಕೇಕು. ಬಿಸಿಲಿಗೆ ಹಾಕಿದ್ದನ್ನು ಹೇಳುವಾಗ ಪಪ್ಪನಿಗೆ ನಗು ಬಂತು. ನಗುತ್ತ ನಗುತ್ತಲೇ ಅವರ ಕಣ್ಣಿನಿಂದ ನೀರು ಇಳಿಯಿತು, ಅವರು ಒರೆಸಿಕೊಳ್ಳಲಿಲ್ಲ.

ಕೈಯಲ್ಲಿದ್ದ ಚುರುಟು ಆರಿಹೋಗಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಹೊಸವರ್ಷಕ್ಕೆಂದು ಇಟ್ಟಿದ್ದ ಇನ್ನೊಂದನ್ನು ಎತ್ತಿಕೊಂಡರು. ಹೆಬ್ಬೆರಳಿನ ಉಗುರಿನಿಂದ ಎಲೆಯ ಅಂಚನ್ನು ಹುಡುಕಿದರು. ಗಿರಿಜಕ್ಕ ಅಂಟಿಸಿದ್ದು ಸುಲಭಕ್ಕೆ ಬಿಡಲಿಲ್ಲ. ಕೆರೆದು ಕೆರೆದು ಒಂದು ಅಂಗುಲ ಎಬ್ಬಿಸಿದರು. ಎಲೆ ಬಿಟ್ಟುಕೊಂಡಿತು, ಒಂದು ಸುತ್ತು, ಎರಡು ಸುತ್ತು. ಬೆರಳಿಗೆ ಎಂಜಲು ಹಚ್ಚಿ ಅದನ್ನು ಅಡ್ಡಾದಿಡ್ಡಿಯಾಗಿ ಅಂಟಿಸಿ ಬಾಯಿಗಿಟ್ಟುಕೊಂಡರು. ನಾನು ಕಡ್ಡಿ ಗೀರಿದೆ. ಬೆಂಕಿ ತಾಗುತ್ತಲೇ ಎಲೆ ಮತ್ತೆ ಬಿಚ್ಚಿ ಅವರ ಗಲ್ಲದ ಮೇಲೆ ಇಳಿಯಿತು.

"ಈಗ ನೋಡು," ಎಂದರು ಪಪ್ಪ. "ಇದು ಬ್ಯಾರಿಯದ್ದು."